ಸ್ಯಾಂಡರ್ ಯಂತ್ರಗಳಿಗೆ ಧೂಳು ಹೀರುವ ವ್ಯವಸ್ಥೆಯ ಜೋಡಣೆ

ಮರದ ಮೇಲ್ಮೈಯನ್ನು ಉಜ್ಜಿ ನಯಗೊಳಿಸುವ ವಿದ್ಯುತ್ ಚಾಲಿತ ಸ್ಯಾಂಡರ್ ಯಂತ್ರದಿಂದ ಏಳುವ ಧೂಳನ್ನು, ಅದು ಕೋಣೆಯ ಗಾಳಿಗೆ ಬೆರೆಯುವ ಮೊದಲೇ ಕೊಳವೆಯ ಮೂಲಕ ಸೆಳೆದು ಫಿಲ್ಟರಿನಲ್ಲಿ ಹಿಡಿದಿಡುವ ಏರ್ಪಾಡಿಗೆ ಸ್ಯಾಂಡರ್ ಯಂತ್ರದ ಧೂಳು ಹೀರಿಕೆ ಎನ್ನುತ್ತಾರೆ. ನೋಟಕ್ಕೆ ಇದು ಒಂದು ಕೊಳವೆಯನ್ನು ಇನ್ನೊಂದಕ್ಕೆ ಸಿಕ್ಕಿಸುವ ಸರಳ ಕೆಲಸ. ಆದರೆ ಕಾರ್ಯಾಗಾರದಲ್ಲಿ ಗರಗಸಕ್ಕಾಗಿ ಅಳವಡಿಸಿದ ದೊಡ್ಡ ಡಸ್ಟ್ ಕಲೆಕ್ಟರಿಗೂ ಕೈಯಲ್ಲಿ ಹಿಡಿಯುವ ಸಣ್ಣ ಸ್ಯಾಂಡರಿಗೂ ಬೇಕಾಗುವ ಹೀರಿಕೆಯ ಗುಣವೇ ಬೇರೆ. ಈ ವ್ಯತ್ಯಾಸವನ್ನು ಗಮನಿಸದೆ ಎರಡನ್ನೂ ಜೋಡಿಸಿದರೆ ಯಂತ್ರ ಸದ್ದು ಮಾಡುತ್ತಿರುತ್ತದೆ, ಚೀಲವೂ ಉಬ್ಬಿರುತ್ತದೆ, ಧೂಳು ಮಾತ್ರ ಕೆಲಸಗಾರನ ಮೂಗನ್ನೇ ಸೇರುತ್ತದೆ.

ಧೂಳಿನ ಸ್ವರೂಪ ಮತ್ತು ಅಪಾಯ

ಗರಗಸದಿಂದ ಬೀಳುವ ಹೊಟ್ಟು ಮತ್ತು ಪ್ಲೇನಿಂಗ್ ಯಂತ್ರದಿಂದ ಬೀಳುವ ಸುರುಳಿ ಸಿಪ್ಪೆ ಭಾರವಾಗಿರುವುದರಿಂದ ಬೇಗ ನೆಲಕ್ಕಿಳಿಯುತ್ತವೆ. ಸ್ಯಾಂಡರ್ ಹಾಗಲ್ಲ. ಉಜ್ಜುಕಾಗದದ ಪ್ರತಿಯೊಂದು ಹರಳೂ ಮರದ ನಾರನ್ನು ಕೆರೆದು ಪುಡಿಮಾಡುತ್ತದೆ. ಕಾಗದದ ಅಂಕಿ ಏರಿದಷ್ಟೂ, ಅಂದರೆ 80ರಿಂದ 120ಕ್ಕೆ, 120ರಿಂದ 240ಕ್ಕೆ ಹೋದಷ್ಟೂ, ಪುಡಿ ನುಣುಪಾಗುತ್ತದೆ. ಇದರಲ್ಲಿ 10 ಮೈಕ್ರಾನಿಗಿಂತ ಚಿಕ್ಕದಾದ ಕಣಗಳು ಮೂಗಿನ ಕೂದಲು ಮತ್ತು ಲೋಳೆಯ ತಡೆಯನ್ನು ದಾಟಿ ಒಳಗಿಳಿಯಬಲ್ಲವು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. 5 ಮೈಕ್ರಾನ್ ಗಾತ್ರದ ಕಣವು ಅಲುಗಾಡದ ಗಾಳಿಯಲ್ಲೂ ತಲೆಯೆತ್ತರದಿಂದ ನೆಲಕ್ಕಿಳಿಯಲು ಹತ್ತಾರು ನಿಮಿಷ ಹಿಡಿಯುತ್ತದೆ. ಕಿಟಕಿಯಿಂದ ಬಿದ್ದ ಬಿಸಿಲುಕೋಲಿನಲ್ಲಿ ತೇಲುವುದನ್ನು ಕಂಡಾಗಲಷ್ಟೇ ಅದರ ಇರವು ತಿಳಿಯುತ್ತದೆ. ನೆಲ ಸ್ವಚ್ಛವಾಗಿದೆ ಎಂಬುದು ಗಾಳಿ ಸ್ವಚ್ಛವಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಮರದ ಧೂಳು ಕೇವಲ ಕಿರಿಕಿರಿಯ ವಸ್ತುವಲ್ಲ ಎಂಬ ಅರಿವು ಮೂಡಿದ್ದು ಇಂಗ್ಲೆಂಡಿನ ಹೈ ವಿಕಂಬ್ ಎಂಬ ಊರಿನಿಂದ. ಕುರ್ಚಿ ತಯಾರಿಕೆಗೆ ಹೆಸರಾದ ಆ ಊರಿನಲ್ಲಿ ಕಿವಿ, ಮೂಗು, ಗಂಟಲು ತಜ್ಞೆಯಾಗಿದ್ದ ಎಸ್ಮೆ ಹ್ಯಾಡ್‌ಫೀಲ್ಡ್ ಅವರು, ಇತರೆಡೆ ಅತಿ ವಿರಳವಾದ ಅಡಿನೋಕಾರ್ಸಿನೋಮ ಎಂಬ ಮೂಗಿನ ಕ್ಯಾನ್ಸರ್ ಪೀಠೋಪಕರಣ ಕಾರ್ಮಿಕರಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವುದನ್ನು ಗಮನಿಸಿದರು. ಡೊನಾಲ್ಡ್ ಅಚೆಸನ್ ಮತ್ತಿತರರೊಡನೆ ಅವರು ನಡೆಸಿದ ಅಧ್ಯಯನವು 1968ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದೆಂದು ಖಚಿತವಾದ ವಸ್ತುಗಳ ಮೊದಲನೆಯ ಗುಂಪಿಗೆ ಸೇರಿಸಿತು. ಒಬ್ಬ ವೈದ್ಯೆಯ ಗಮನಿಕೆಗೆ ಜಾಗತಿಕ ಮನ್ನಣೆ ದೊರೆಯಲು ಕಾಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿದಿತ್ತು.

ಕೆಲಸದ ಸ್ಥಳದ ಗಾಳಿಯಲ್ಲಿ ಎಷ್ಟು ಧೂಳು ಇರಬಹುದು ಎಂಬ ಮಿತಿಯನ್ನು ಹಲವು ದೇಶಗಳು ನಿಗದಿಪಡಿಸಿವೆ. ಗಟ್ಟಿಮರದ ಧೂಳಿಗೆ ಬ್ರಿಟನ್ನಿನಲ್ಲಿ ಪ್ರತಿ ಘನಮೀಟರ್ ಗಾಳಿಗೆ 3 ಮಿಲಿಗ್ರಾಂ ಮಿತಿಯಿದೆ. ಐರೋಪ್ಯ ಒಕ್ಕೂಟದ ಮಿತಿ 2023ರ ಜನವರಿಯಿಂದ 2 ಮಿಲಿಗ್ರಾಂ. ಇವು ಎಂಟು ಗಂಟೆಗಳ ಸರಾಸರಿಗಳು.

ಕ್ಯಾನ್ಸರ್ ವರ್ಷಾನುಗಟ್ಟಲೆ ಒಡನಾಟದ ಫಲವಾದರೆ, ಅಲರ್ಜಿ ಮತ್ತು ಉಬ್ಬಸ ಕೆಲವೇ ವಾರಗಳಲ್ಲಿ ತೋರಬಹುದು. ತೇಗ ಮತ್ತು ಬೀಟೆ ಮರಗಳ ಸಾರದಲ್ಲಿ ಚರ್ಮಕ್ಕೆ ಅಲರ್ಜಿ ತರುವ ಕ್ವಿನೋನ್ ವರ್ಗದ ರಾಸಾಯನಿಕಗಳಿವೆ. ಮೈಸೂರಿನ ಪ್ರಸಿದ್ಧ ಬೀಟೆಮರದ ಕುಸುರಿಯಲ್ಲಿ ಬಗೆಬಗೆಯ ಮರದ ತುಂಡುಗಳನ್ನು ಹುದುಗಿಸಿದ ಮೇಲೆ ಇಡೀ ಮೇಲ್ಮೈಯನ್ನು ಸಮನಾಗಿ ಉಜ್ಜುವುದರಿಂದ ಈ ಮಾತು ಕರ್ನಾಟಕದ ಕುಶಲಕರ್ಮಿಗಳಿಗೂ ಅನ್ವಯಿಸುತ್ತದೆ. ಎಂ.ಡಿ.ಎಫ್. ಮತ್ತು ಪ್ಲೈವುಡ್ ಹಲಗೆಗಳಲ್ಲಿ ಮರದೊಡನೆ ಫಾರ್ಮಾಲ್ಡಿಹೈಡ್ ಆಧಾರಿತ ಅಂಟೂ ಇರುತ್ತದೆ. ಅದರಲ್ಲೂ ಎಂ.ಡಿ.ಎಫ್. ಉಜ್ಜಿದಾಗ ಏಳುವುದು ಹಿಟ್ಟಿನಂಥ ಪುಡಿ.

ಸ್ಯಾಂಡರಿನೊಳಗೆ ಧೂಳಿನ ದಾರಿ

ಇಂದು ಹೆಚ್ಚು ಬಳಕೆಯಲ್ಲಿರುವುದು ರ‍್ಯಾಂಡಮ್ ಆರ್ಬಿಟಲ್ ಸ್ಯಾಂಡರ್. ಇದರ ದುಂಡನೆಯ ತಟ್ಟೆ ತನ್ನ ಸುತ್ತ ತಾನು ತಿರುಗುತ್ತಲೇ ಸಣ್ಣ ವರ್ತುಲದಲ್ಲಿ ಅದುರುತ್ತದೆ. ತಟ್ಟೆಯ ಅಡ್ಡಳತೆ ಸಾಮಾನ್ಯವಾಗಿ 125 ಅಥವಾ 150 ಮಿಲಿಮೀಟರ್. ತಟ್ಟೆಯಲ್ಲಿ ರಂಧ್ರಗಳಿದ್ದು, ಅದಕ್ಕೆ ಅಂಟಿಸುವ ಕಾಗದದಲ್ಲೂ ಅದೇ ವಿನ್ಯಾಸದ ರಂಧ್ರಗಳಿರುತ್ತವೆ. ಧೂಳು ಈ ರಂಧ್ರಗಳ ಮೂಲಕ ಮೇಲೇರಿ, ಯಂತ್ರದೊಳಗಿನ ಪುಟ್ಟ ಫ್ಯಾನಿನ ತಳ್ಳುವಿಕೆಯಿಂದ ಹಿಂಬದಿಯ ಬಾಯಿಗೆ ಬರುತ್ತದೆ. ಆದುದರಿಂದ ಕಾಗದದ ರಂಧ್ರಗಳು ತಟ್ಟೆಯ ರಂಧ್ರಗಳಿಗೆ ಸರಿಹೊಂದದಿದ್ದರೆ ಹೊರಗಿನ ಹೀರುಯಂತ್ರ ಎಷ್ಟೇ ಬಲವಾಗಿದ್ದರೂ ಪ್ರಯೋಜನವಿಲ್ಲ. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಕ್ಕಿತೆಂದು ರಂಧ್ರವಿಲ್ಲದ ಕಾಗದವನ್ನು ಹಾಕಿಕೊಳ್ಳುವುದು ಬಹಳ ಕಡೆ ಕಾಣುವ ತಪ್ಪು. ಬಲೆಯಂತೆ ನೇಯ್ದ ಉಜ್ಜುಹಾಳೆಗಳು ಈ ತೊಡಕನ್ನು ಬಹುಮಟ್ಟಿಗೆ ನಿವಾರಿಸುತ್ತವೆ. ಫಿನ್ಲೆಂಡಿನ ಮಿರ್ಕಾ ಸಂಸ್ಥೆಯ ಅಬ್ರಾನೆಟ್ ಇವುಗಳಲ್ಲಿ ಹೆಸರುವಾಸಿ. ಹಾಳೆಯುದ್ದಕ್ಕೂ ಕಣ್ಣುಗಳಿರುವುದರಿಂದ ರಂಧ್ರ ಹೊಂದಿಸುವ ಪ್ರಶ್ನೆಯೇ ಏಳುವುದಿಲ್ಲ.

ಯಂತ್ರದೊಡನೆ ಬರುವ ಬಟ್ಟೆಯ ಚೀಲ ಅಥವಾ ಪ್ಲಾಸ್ಟಿಕ್ ಡಬ್ಬಿ ದಪ್ಪ ಪುಡಿಯನ್ನು ಹಿಡಿಯುತ್ತದೆ, ನುಣುಪು ಪುಡಿಯನ್ನು ಬಟ್ಟೆಯ ಕಣ್ಣುಗಳಿಂದ ಹೊರಕ್ಕೆ ಚಿಮ್ಮಿಸುತ್ತದೆ. ಕಣ್ಣಿಗೆ ಕಾಣುವುದನ್ನು ಹಿಡಿದು ಕಾಣದ್ದನ್ನು ಬಿಟ್ಟುಕೊಡುವ ಇಂಥ ಚೀಲವನ್ನು ನಿಜವಾದ ಧೂಳು ಹೀರಿಕೆ ಎನ್ನಲಾಗದು.

ಆಯತಾಕಾರದ ತಟ್ಟೆಯ ಆರ್ಬಿಟಲ್ ಸ್ಯಾಂಡರಿನಲ್ಲಿ ಸಾದಾ ಉಜ್ಜುಹಾಳೆಯನ್ನು ಕ್ಲಿಪ್ಪಿನಿಂದ ಬಿಗಿದು, ಯಂತ್ರದೊಡನೆ ಕೊಟ್ಟಿರುವ ಅಚ್ಚನ್ನು ಒತ್ತಿ ರಂಧ್ರ ಮಾಡಿಕೊಳ್ಳಬೇಕಾಗುತ್ತದೆ. ಬೆಲ್ಟ್ ಸ್ಯಾಂಡರ್ ಧೂಳನ್ನು ಪಟ್ಟಿಯ ಓಟದ ದಿಕ್ಕಿನಲ್ಲಿ ಹಿಂದಕ್ಕೆ ಎಸೆಯುವುದರಿಂದ ಅಲ್ಲಿನ ಬಾಯಿ ದೊಡ್ಡದಾಗಿರಬೇಕು. ಗೋಡೆಯ ಪುಟ್ಟಿ ಉಜ್ಜುವ ಉದ್ದ ಹಿಡಿಯ ಯಂತ್ರಗಳನ್ನು ಹೀರುಯಂತ್ರವಿಲ್ಲದೆ ನಡೆಸುವುದು ಅಸಾಧ್ಯವೆಂದೇ ಹೇಳಬೇಕು. ಕೋಣೆ ಒಂದೆರಡು ನಿಮಿಷದಲ್ಲಿ ಬೆಳ್ಳಗಾಗುತ್ತದೆ.

ಎರಡು ಬಗೆಯ ಹೀರಿಕೆ

ಕಾರ್ಯಾಗಾರಗಳಲ್ಲಿ ಎರಡು ಜಾತಿಯ ಹೀರುಯಂತ್ರಗಳಿವೆ. ಮೊದಲನೆಯದು ಡಸ್ಟ್ ಕಲೆಕ್ಟರ್. ದೊಡ್ಡ ಫ್ಯಾನು, 100 ಮಿಲಿಮೀಟರ್ ಅಥವಾ ಅದಕ್ಕೂ ಅಗಲವಾದ ಕೊಳವೆ, ಮೇಲೊಂದು ಕೆಳಗೊಂದು ಚೀಲ. ಇದು ಗಂಟೆಗೆ ಸಾವಿರ ಘನಮೀಟರ್ ಮೀರಿ ಗಾಳಿಯನ್ನು ಸಾಗಿಸಬಲ್ಲದು, ಆದರೆ ಅದು ಉಂಟುಮಾಡುವ ಸೆಳೆತದ ಒತ್ತಡ 2 ಕಿಲೋಪ್ಯಾಸ್ಕಲ್ ಆಸುಪಾಸಿನದು. ಎರಡನೆಯದು ವ್ಯಾಕ್ಯೂಮ್ ಕ್ಲೀನರ್ ಜಾತಿಯದು. ಇದನ್ನೇ ಕಾರ್ಯಾಗಾರಕ್ಕೆ ತಕ್ಕಂತೆ ಸುಧಾರಿಸಿದಾಗ ಡಸ್ಟ್ ಎಕ್ಸ್‌ಟ್ರಾಕ್ಟರ್ ಎನಿಸಿಕೊಳ್ಳುತ್ತದೆ. ಇದು ಸಾಗಿಸುವ ಗಾಳಿಯ ಪ್ರಮಾಣ ಕಡಿಮೆ, ಸೆಳೆತದ ಒತ್ತಡ ಮಾತ್ರ 20 ಕಿಲೋಪ್ಯಾಸ್ಕಲ್ ಆಸುಪಾಸು, ಅಂದರೆ ಸುಮಾರು ಹತ್ತು ಪಟ್ಟು.

ಕೆರೆಯ ತೂಬು ತೆರೆದಾಗ ನೀರು ಹರಿಯುವುದಕ್ಕೂ ಎಳನೀರನ್ನು ಕಡ್ಡಿಯಷ್ಟು ಸಪೂರವಾದ ನಳಿಗೆಯಿಂದ ಹೀರುವುದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಅಗಲವಾದ ದಾರಿಯಿದ್ದರೆ ಅಲ್ಪ ಒತ್ತಡವೂ ಅಪಾರ ಹರಿವನ್ನು ತರುತ್ತದೆ. ದಾರಿ ಕಿರಿದಾದರೆ ಗೋಡೆಯ ತಿಕ್ಕಾಟವನ್ನು ಮೀರಲು ಬಲವಾದ ಸೆಳೆತ ಬೇಕು. ಕೊಳವೆಯಲ್ಲಿ ಗಾಳಿಯ ವೇಗ ಎರಡು ಪಟ್ಟಾದರೆ ತಿಕ್ಕಾಟದಿಂದಾಗುವ ಒತ್ತಡದ ನಷ್ಟ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ.

ಸ್ಯಾಂಡರಿನ ಬಾಯಿ ಕಿರಿದು. ಅದಕ್ಕೆ ಹೊಂದುವ ಕೊಳವೆಯ ಒಳ ಅಡ್ಡಳತೆ 27ರಿಂದ 36 ಮಿಲಿಮೀಟರ್. ಇದನ್ನು 100 ಮಿಲಿಮೀಟರಿನ ದೊಡ್ಡ ಕೊಳವೆಗೆ ಒಂದು ರಿಡ್ಯೂಸರ್ ಮೂಲಕ ಸೇರಿಸಿದರೆ ಏನಾಗುತ್ತದೆ ಎಂಬುದನ್ನು ಲೆಕ್ಕದಿಂದಲೇ ತಿಳಿಯಬಹುದು. ಮರದ ಧೂಳು ಕೊಳವೆಯಲ್ಲಿ ಕೆಳಗೆ ಕೂರದೆ ಸಾಗಬೇಕಾದರೆ ಗಾಳಿಯ ವೇಗ ಸೆಕೆಂಡಿಗೆ ಸುಮಾರು 20 ಮೀಟರ್ ಇರಬೇಕು. 27 ಮಿಲಿಮೀಟರ್ ಕೊಳವೆಯಲ್ಲಿ ಈ ವೇಗ ಬರಲು ಗಂಟೆಗೆ ಸುಮಾರು 41 ಘನಮೀಟರ್ ಗಾಳಿ ಸಾಕು. 100 ಮಿಲಿಮೀಟರ್ ಕೊಳವೆಗೆ ಅದೇ ವೇಗಕ್ಕೆ ಸುಮಾರು 565 ಘನಮೀಟರ್ ಬೇಕು. ಏಕೆಂದರೆ ಎರಡು ಕೊಳವೆಗಳ ಬಾಯಿಯ ವಿಸ್ತೀರ್ಣದ ಅಂತರ ಹದಿಮೂರು ಪಟ್ಟಿಗಿಂತ ಹೆಚ್ಚು. ಸಣ್ಣ ಕೊಳವೆಯಿಂದ ಬಂದ 41 ಘನಮೀಟರ್ ಗಾಳಿಯು ದೊಡ್ಡ ಕೊಳವೆಯನ್ನು ಹೊಕ್ಕಾಗ ಅದರ ವೇಗ ಸೆಕೆಂಡಿಗೆ ಒಂದೂವರೆ ಮೀಟರಿಗೆ ಇಳಿಯುತ್ತದೆ. ಹೊಳೆ ಬಯಲಿಗೆ ಬಂದಾಗ ಮರಳು ಕೂರುವಂತೆ ಧೂಳು ಅಲ್ಲಿಯೇ ಕೂರುತ್ತದೆ. ಜೊತೆಗೆ, ಅಲ್ಪ ಒತ್ತಡದ ಫ್ಯಾನಿಗೆ ಹಲವು ಮೀಟರ್ ಉದ್ದದ ಸಪೂರ ಕೊಳವೆಯಿಂದ ಆ 41 ಘನಮೀಟರನ್ನು ಎಳೆಯುವುದೇ ಕಷ್ಟ. ಹೀಗೆ ಸ್ಯಾಂಡರಿನ ಬಳಿ ಸೆಳೆತವಿಲ್ಲ, ಮುಖ್ಯ ಕೊಳವೆಯಲ್ಲಿ ವೇಗವಿಲ್ಲ ಎಂಬ ಎರಡೂ ಕಡೆಯ ನಷ್ಟ ಒದಗುತ್ತದೆ. ದೊಡ್ಡ ಮೋಟಾರು ಇದ್ದಮೇಲೆ ಸಣ್ಣ ಯಂತ್ರಕ್ಕೆ ಸಾಲದೇ ಎಂಬ ಊಹೆ ಇಲ್ಲಿ ಸುಳ್ಳಾಗುತ್ತದೆ.

ನೆಲಕ್ಕೆ ಕೂರಿಸಿದ ದೊಡ್ಡ ಡಿಸ್ಕ್ ಅಥವಾ ಬೆಲ್ಟ್ ಸ್ಯಾಂಡರುಗಳ ವಿಷಯ ಬೇರೆ. ಅವುಗಳ ಸುತ್ತ ಅಗಲವಾದ ಹೊದಿಕೆಯಿದ್ದು 100 ಮಿಲಿಮೀಟರ್ ಬಾಯಿ ಇದ್ದರೆ ಡಸ್ಟ್ ಕಲೆಕ್ಟರೇ ಸೂಕ್ತ.

ಜೋಡಿಸುವ ವಿಧಾನಗಳು

ಕೈ ಸ್ಯಾಂಡರಿಗೆ ಎಕ್ಸ್‌ಟ್ರಾಕ್ಟರನ್ನೋ ಒಳ್ಳೆಯ ಫಿಲ್ಟರ್ ಇರುವ ವ್ಯಾಕ್ಯೂಮ್ ಕ್ಲೀನರನ್ನೋ ಪ್ರತ್ಯೇಕವಾಗಿ ಮೀಸಲಿಡುವುದು ಅತ್ಯಂತ ನೇರವಾದ ಮಾರ್ಗ. ಇಲ್ಲಿ ಎದುರಾಗುವ ಮೊದಲ ತೊಡಕು ಅಳತೆಯದು. ಯಂತ್ರಗಳ ಧೂಳಿನ ಬಾಯಿಗೆ ಎಲ್ಲ ತಯಾರಕರೂ ಒಪ್ಪಿದ ಒಂದೇ ಅಳತೆಯಿಲ್ಲ. ಕೆಲವರು ಒಳ ಅಡ್ಡಳತೆಯನ್ನೂ ಕೆಲವರು ಹೊರ ಅಡ್ಡಳತೆಯನ್ನೂ ನಮೂದಿಸುತ್ತಾರೆ. ಕೊಳ್ಳುವ ಮೊದಲು ವರ್ನಿಯರ್ ಕ್ಯಾಲಿಪರಿನಿಂದ ಸ್ಯಾಂಡರಿನ ಬಾಯಿಯ ಒಳ ಮತ್ತು ಹೊರ ಅಳತೆಗಳೆರಡನ್ನೂ ತೆಗೆದುಕೊಂಡು, ಕೊಳವೆಯ ತುದಿ ಅದರೊಳಗೆ ಹೋಗಬೇಕೋ ಅದರ ಮೇಲೆ ಕೂರಬೇಕೋ ಎಂದು ನಿರ್ಧರಿಸಿಕೊಳ್ಳುವುದು ಒಳಿತು. ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುವ ರಬ್ಬರ್ ಅಡಾಪ್ಟರನ್ನು ಬೇಕಾದಲ್ಲಿ ಕತ್ತರಿಸಿ ಬಳಸಬಹುದು. ಸೈಕಲ್ ಟ್ಯೂಬಿನ ತುಂಡನ್ನು ಎರಡೂ ಬಾಯಿಗಳ ಮೇಲೆ ಎಳೆದು ಹೋಸ್ ಕ್ಲಿಪ್ಪಿನಿಂದ ಬಿಗಿದರೂ ಕೆಲಸ ಸಾಗುತ್ತದೆ, ಮೇಲಾಗಿ ರಬ್ಬರು ಸ್ಯಾಂಡರಿನ ಅದುರನ್ನು ನುಂಗುತ್ತದೆ. ಟೇಪು ಸುತ್ತಿದ ಜೋಡಣೆ ಅದುರಿಗೆ ಬೇಗ ಸಡಿಲವಾಗುತ್ತದೆ. ಸಡಿಲವಾದ ಜೋಡಣೆಯಲ್ಲಿ ಗಾಳಿ ಅಡ್ಡದಾರಿ ಹಿಡಿಯುವುದರಿಂದ ತಟ್ಟೆಯ ಬಳಿ ಸೆಳೆತ ಕುಗ್ಗುತ್ತದೆ.

ಕೊಳವೆ ಕಿರಿದಾದಷ್ಟೂ ಹಗುರ, ಕೈಗೆ ಬಾಗುವಂಥದು. ಅಗಲವಾದಷ್ಟೂ ಗಾಳಿ ಹೆಚ್ಚು. ಸಣ್ಣ ಸ್ಯಾಂಡರಿಗೆ 27 ಮಿಲಿಮೀಟರ್, ಬೆಲ್ಟ್ ಸ್ಯಾಂಡರಿಗೆ 36 ಮಿಲಿಮೀಟರ್ ಎಂಬುದು ರೂಢಿಯ ಹೊಂದಾಣಿಕೆ. ಉದ್ದವನ್ನು ಅಗತ್ಯಕ್ಕಿಂತ ಹೆಚ್ಚಿಸಬಾರದು. ಕೊಳವೆಯನ್ನು ಮೇಲಿನ ತೊಲೆಯಿಂದ ಇಳಿಬಿಟ್ಟರೆ ಅದು ಹಲಗೆಯ ಅಂಚಿಗೆ ಸಿಕ್ಕಿಕೊಳ್ಳುವುದಿಲ್ಲ, ಯಂತ್ರವನ್ನು ಪಕ್ಕಕ್ಕೆ ಎಳೆಯುವುದೂ ಇಲ್ಲ.

ಸೆಳೆತ ಅತಿಯಾದರೂ ತೊಂದರೆಯುಂಟು. ತಟ್ಟೆ ಹಲಗೆಗೆ ಅಂಟಿಕೊಂಡಂತಾಗಿ ಅದರ ತಿರುಗುವಿಕೆ ನಿಧಾನವಾಗುತ್ತದೆ. ಮರದ ಮೇಲೆ ಸುರುಳಿ ಗೀರುಗಳು ಬೀಳುತ್ತವೆ, ಬಣ್ಣ ಹಚ್ಚಿದ ಮೇಲೆ ಅವು ಎದ್ದು ಕಾಣುತ್ತವೆ. ಹೀರುಯಂತ್ರದ ವೇಗವನ್ನು ತಗ್ಗಿಸಿ, ಇಲ್ಲವೇ ಕೊಳವೆಯ ಹಿಡಿಯಲ್ಲಿರುವ ಗಾಳಿಕಿಂಡಿಯನ್ನು ಸ್ವಲ್ಪ ತೆರೆದು ಇದನ್ನು ಸರಿಪಡಿಸಬಹುದು. ಹದವಾದ ಹೀರಿಕೆಯಲ್ಲಿ ಹರಳುಗಳ ನಡುವೆ ಪುಡಿ ತುಂಬಿಕೊಳ್ಳದ ಕಾರಣ ಉಜ್ಜುಕಾಗದವೂ ಹೆಚ್ಚು ಕಾಲ ಬಾಳುತ್ತದೆ. ಆರೋಗ್ಯದ ಮಾತಿಗೆ ಕಿವಿಗೊಡದ ಕಾರ್ಯಾಗಾರಗಳನ್ನೂ ಈ ಉಳಿತಾಯ ಒಪ್ಪಿಸಿದ್ದುಂಟು.

ಕೇಂದ್ರೀಯ ಡಸ್ಟ್ ಕಲೆಕ್ಟರನ್ನೇ ಬಳಸಲೇಬೇಕಾದ ಸಂದರ್ಭದಲ್ಲಿ ಸಪೂರ ಕೊಳವೆಯನ್ನು ಆದಷ್ಟು ಗಿಡ್ಡವಾಗಿರಿಸಿ, ಮುಖ್ಯ ಕೊಳವೆಯಲ್ಲಿ ವೇಗ ಕುಸಿಯದಂತೆ ಇನ್ನೊಂದು ಗೇಟನ್ನು ತೆರೆದಿಡಬೇಕು. ಆ ಇನ್ನೊಂದು ಬಾಯಿಗೆ, ರಂಧ್ರಗಳಿರುವ ಮೇಲ್ಹಲಗೆಯ ಮೂಲಕ ಕೆಳಮುಖವಾಗಿ ಗಾಳಿ ಸೆಳೆಯುವ ಮೇಜನ್ನು ಜೋಡಿಸುವುದು ಜಾಣತನದ ಪರಿಹಾರ. ಅಗಲ ಬಾಯಿಯ ಅಲ್ಪ ಒತ್ತಡದ ಸೆಳೆತಕ್ಕೆ ತಕ್ಕ ಕೆಲಸ ಅದು. ಸ್ಯಾಂಡರ್ ಹಿಡಿಯದೆ ತಪ್ಪಿಸಿಕೊಂಡ ಪುಡಿಯನ್ನು ಮೇಜು ಕೆಳಕ್ಕೆ ಎಳೆದುಕೊಳ್ಳುತ್ತದೆ. ಹಲವು ಸ್ಯಾಂಡರುಗಳು ಒಟ್ಟಿಗೆ ನಡೆಯುವ ಕಾರ್ಖಾನೆಗಳಲ್ಲಿ ಇವುಗಳಿಗೆಂದೇ ಹೆಚ್ಚು ಒತ್ತಡದ, ಸಪೂರ ಕೊಳವೆಗಳ ಬೇರೆ ಜಾಲವನ್ನು ಹಾಕುತ್ತಾರೆ.

ಫಿಲ್ಟರ್

ಹೀರಿದ್ದನ್ನು ಹಿಡಿದಿಡದ ಯಂತ್ರವು ಧೂಳನ್ನು ಒಂದು ಮೂಲೆಯಿಂದ ಇಡೀ ಕೋಣೆಗೆ ಹಂಚುವ ಯಂತ್ರವಾಗುತ್ತದೆ. ಅಗ್ಗದ ಡಸ್ಟ್ ಕಲೆಕ್ಟರುಗಳ 30 ಮೈಕ್ರಾನ್ ಬಟ್ಟೆಚೀಲಗಳಲ್ಲಿ ಆಗುವುದು ಇದೇ. ಐರೋಪ್ಯ ಮಾನದಂಡವು ಎಕ್ಸ್‌ಟ್ರಾಕ್ಟರುಗಳನ್ನು ಎಲ್, ಎಂ, ಎಚ್ ಎಂಬ ಮೂರು ದರ್ಜೆಗಳಾಗಿ ವಿಂಗಡಿಸುತ್ತದೆ. ಪರೀಕ್ಷಾ ಧೂಳಿನಲ್ಲಿ ಎಲ್ ದರ್ಜೆಯದು ಶೇಕಡಾ 1ರಷ್ಟನ್ನು, ಎಂ ದರ್ಜೆಯದು ಶೇಕಡಾ 0.1ರಷ್ಟನ್ನು, ಎಚ್ ದರ್ಜೆಯದು ಶೇಕಡಾ 0.005ರಷ್ಟನ್ನು ಮೀರಿ ಹೊರಬಿಡಕೂಡದು. ಮರದ ಧೂಳಿಗೆ ಎಂ ದರ್ಜೆ ತಕ್ಕುದು. ಈ ದರ್ಜೆಯ ಯಂತ್ರದಲ್ಲಿ ಕೊಳವೆಯೊಳಗಿನ ವೇಗ ಸೆಕೆಂಡಿಗೆ 20 ಮೀಟರಿಗಿಂತ ಕೆಳಗಿಳಿದರೆ ಎಚ್ಚರಿಕೆಯ ಸದ್ದು ಮಾಡುವ ಏರ್ಪಾಡೂ ಇರುತ್ತದೆ. ಫಿಲ್ಟರ್ ಕಟ್ಟಿಕೊಂಡಿರುವುದು ಕಣ್ಣಿಗೆ ಬೀಳದ ಸಂಗತಿಯಾದ್ದರಿಂದ ಈ ಸದ್ದಿಗೆ ಬೆಲೆಯಿದೆ.

ಹೀರುಯಂತ್ರಕ್ಕೂ ಸ್ಯಾಂಡರಿಗೂ ನಡುವೆ ಶಂಕುವಿನಾಕಾರದ ಸೈಕ್ಲೋನನ್ನು ಇರಿಸಿದರೆ ಗಾಳಿ ಸುಳಿದು, ಭಾರವಾದ ಪುಡಿ ಕೆಳಗಿನ ಬಕೆಟ್ಟಿಗೆ ಬೀಳುತ್ತದೆ. ಫಿಲ್ಟರಿನ ಹೊರೆ ಕಡಿಮೆಯಾಗುತ್ತದೆ. ಅತಿ ನುಣುಪಾದ ಪುಡಿ ಸೈಕ್ಲೋನನ್ನೂ ದಾಟುವುದರಿಂದ ಒಳ್ಳೆಯ ಫಿಲ್ಟರಿಗೆ ಅದು ಬದಲಿಯಲ್ಲ. ಫಿಲ್ಟರನ್ನು ಕೋಣೆಯೊಳಗೆ ಕೊಡವುವುದು, ಮೈಮೇಲಿನ ಪುಡಿಯನ್ನು ಕಂಪ್ರೆಸರ್ ಗಾಳಿಯಿಂದ ಊದಿಕೊಳ್ಳುವುದು ದಿನವಿಡೀ ಹಿಡಿದದ್ದನ್ನು ಒಂದೇ ಗಳಿಗೆಯಲ್ಲಿ ಮತ್ತೆ ಗಾಳಿಗೆ ಸೇರಿಸುತ್ತವೆ.

ವಿದ್ಯುತ್ ಮತ್ತು ಬೆಂಕಿ

ಅನೇಕ ಎಕ್ಸ್‌ಟ್ರಾಕ್ಟರುಗಳ ಮೈಮೇಲೆಯೇ ಒಂದು ಸಾಕೆಟ್ ಇರುತ್ತದೆ. ಸ್ಯಾಂಡರಿನ ಪ್ಲಗ್ಗನ್ನು ಅದಕ್ಕೆ ಹಾಕಿದರೆ ಸ್ಯಾಂಡರ್ ಚಾಲೂ ಆದಾಗ ಹೀರುಯಂತ್ರವೂ ಚಾಲೂ ಆಗುತ್ತದೆ. ಸ್ಯಾಂಡರ್ ನಿಂತ ಮೇಲೂ ಅದು ಕೆಲವು ಸೆಕೆಂಡು ನಡೆದು ಕೊಳವೆಯಲ್ಲಿ ಉಳಿದದ್ದನ್ನು ಎಳೆದುಕೊಳ್ಳುತ್ತದೆ. ಆದರೆ ಎರಡೂ ಯಂತ್ರಗಳ ಭಾರ ಗೋಡೆಯ ಒಂದೇ ಸಾಕೆಟ್ಟಿನ ಮೇಲೆ ಬೀಳುತ್ತದೆ. 1200 ವಾಟಿನ ಹೀರುಯಂತ್ರ ಮತ್ತು 300 ವಾಟಿನ ಸ್ಯಾಂಡರ್ ಸೇರಿದರೆ 230 ವೋಲ್ಟಿನಲ್ಲಿ ಸುಮಾರು ಆರೂವರೆ ಆಂಪಿಯರ್. ಮನೆಗಳಲ್ಲಿರುವ 6 ಆಂಪಿಯರಿನ ಸಾಕೆಟ್ಟಿಗೆ ಇದು ಮಿತಿಮೀರಿದ ಹೊರೆ, 16 ಆಂಪಿಯರಿನದನ್ನೇ ಬಳಸಬೇಕು.

ಒಣ ಪುಡಿಯು ಪ್ಲಾಸ್ಟಿಕ್ ಕೊಳವೆಯ ಗೋಡೆಗೆ ಉಜ್ಜಿಕೊಂಡು ಸಾಗುವಾಗ ಸ್ಥಾಯೀ ವಿದ್ಯುತ್ ಹುಟ್ಟುತ್ತದೆ. ಕೊಳವೆ ಹಿಡಿದವನಿಗೆ ಚುರುಕೆಂಬ ಆಘಾತವಾಗುತ್ತದೆ, ಪುಡಿ ಕೊಳವೆಗೇ ಅಂಟಿಕೊಳ್ಳುತ್ತದೆ. ವಿದ್ಯುತ್ತನ್ನು ಹರಿಸಬಲ್ಲ ಆಂಟಿಸ್ಟ್ಯಾಟಿಕ್ ಕೊಳವೆಯು ಈ ಆವೇಶವನ್ನು ಎಕ್ಸ್‌ಟ್ರಾಕ್ಟರಿನ ಮೂಲಕ ಭೂಮಿಗೆ ಇಳಿಸುತ್ತದೆ. ಇದಕ್ಕಾಗಿ ಅಡಾಪ್ಟರೂ ಅದೇ ಬಗೆಯದಾಗಿರಬೇಕು, ಗೋಡೆಯ ಸಾಕೆಟ್ಟಿನಲ್ಲಿ ಅರ್ಥಿಂಗ್ ನಿಜವಾಗಿಯೂ ಇರಬೇಕು.

ನುಣುಪಾದ ಮರದ ಪುಡಿ ಗಾಳಿಯಲ್ಲಿ ದಟ್ಟವಾಗಿ ಬೆರೆತಾಗ ಕಿಡಿ ತಾಕಿದರೆ ಸ್ಫೋಟಿಸುತ್ತದೆ. 2015ರ ಜುಲೈ 17ರಂದು ಇಂಗ್ಲೆಂಡಿನ ಬಾಸ್ಲಿ ಎಂಬಲ್ಲಿ ಮರದ ಹಿಟ್ಟಿನ ಗಿರಣಿಯಲ್ಲಿ ಸಂಭವಿಸಿದ ಸ್ಫೋಟದಲ್ಲಿ ನಾಲ್ವರು ಮೃತಪಟ್ಟರು. ಒಂದು ಸ್ಯಾಂಡರಿನ ಸಣ್ಣ ಕಾರ್ಯಾಗಾರದಲ್ಲಿ ಅಷ್ಟು ಪುಡಿ ಸೇರದಿದ್ದರೂ ಚೀಲದೊಳಗೆ ಬೆಂಕಿ ಹೊತ್ತಿಕೊಳ್ಳುವುದು ಸಾಧ್ಯ. ಮರದ ಪುಡಿ ತುಂಬಿದ ಯಂತ್ರಕ್ಕೆ ಕಬ್ಬಿಣ ಉಜ್ಜುವ ಗ್ರೈಂಡರನ್ನು ಜೋಡಿಸುವುದು ಇದಕ್ಕೆ ನೇರ ಆಹ್ವಾನ. ಅಗಸೆ ಎಣ್ಣೆಯಂಥ ಒಣಗುವ ಎಣ್ಣೆ ಬಳಿದ ಮೇಲ್ಮೈಯ ಪುಡಿ ರಾಶಿಯಲ್ಲಿ ತಾನೇ ಕಾವೇರಬಲ್ಲದು. ಆದ್ದರಿಂದ ಅಂಥ ಕೆಲಸದ ದಿನ ಚೀಲವನ್ನು ಖಾಲಿಮಾಡಿಯೇ ಬಾಗಿಲು ಹಾಕಬೇಕು.

ಹಳೆಯ ಬಾಗಿಲು, ಕಿಟಕಿ, ತೊಟ್ಟಿಲುಗಳ ಬಣ್ಣ ಉಜ್ಜುವಾಗ ಸೀಸದ ಅಪಾಯವಿದೆ. ಗೃಹಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು ಹತ್ತು ಲಕ್ಷದಲ್ಲಿ 90 ಭಾಗಕ್ಕೆ ಮಿತಿಗೊಳಿಸುವ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಸಂಶಯದಿಂದಲೇ ನೋಡಬೇಕು. ಇದಕ್ಕೆ ಹೆಪಾ ಫಿಲ್ಟರಿನ ಯಂತ್ರ ಬೇಕು. ಅದಿಲ್ಲದಿದ್ದರೆ ನೀರು ಹಚ್ಚಿ ಕೈಯಿಂದ ಉಜ್ಜುವುದೇ ಮೇಲು, ಮಕ್ಕಳನ್ನು ಹತ್ತಿರ ಬಿಡಬಾರದು.

ಭಾರತದಲ್ಲಿ

1948ರ ಕಾರ್ಖಾನೆಗಳ ಕಾಯಿದೆಯ 14ನೆಯ ಸೆಕ್ಷನ್, ಧೂಳನ್ನು ಹೊರಸೆಳೆಯುವ ಸಾಧನ ಅಗತ್ಯವಿದ್ದಲ್ಲಿ ಅದನ್ನು ಧೂಳು ಹುಟ್ಟುವ ಸ್ಥಳಕ್ಕೆ ಸಾಧ್ಯವಾದಷ್ಟು ಸಮೀಪದಲ್ಲಿ ಅಳವಡಿಸಬೇಕೆಂದೂ ಆ ಸ್ಥಳವನ್ನು ಸಾಧ್ಯವಾದಷ್ಟು ಮುಚ್ಚಬೇಕೆಂದೂ ವಿಧಿಸಿತು. ಸ್ಯಾಂಡರಿನ ತಟ್ಟೆಯಲ್ಲೇ ರಂಧ್ರವಿಟ್ಟು ಹೀರುವುದು ಈ ತತ್ತ್ವದ ಅಕ್ಷರಶಃ ಪಾಲನೆಯಾಗಿದೆ. ಆದರೆ ಆ ಕಾಯಿದೆಯಲ್ಲಿ ಕಾರ್ಖಾನೆ ಎನಿಸಿಕೊಳ್ಳಲು ವಿದ್ಯುತ್ ಬಳಸುವ ಕಡೆ ಹತ್ತು, ಬಳಸದ ಕಡೆ ಇಪ್ಪತ್ತು ಕೆಲಸಗಾರರಿರಬೇಕಿತ್ತು. ಸಂಸತ್ತು 2020ರಲ್ಲಿ ಅಂಗೀಕರಿಸಿದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು ಈ ಸಂಖ್ಯೆಗಳನ್ನು ಕ್ರಮವಾಗಿ ಇಪ್ಪತ್ತು ಮತ್ತು ನಲವತ್ತಕ್ಕೆ ಏರಿಸಿತು. ನಾಲ್ಕಾರು ಜನ ದುಡಿಯುವ ಬಡಗಿ ಅಂಗಡಿ ಎರಡರ ವ್ಯಾಖ್ಯೆಯಿಂದಲೂ ಹೊರಗೇ ಉಳಿಯುತ್ತದೆ.

ನಗರದ ಅಪಾರ್ಟ್‌ಮೆಂಟುಗಳ ಒಳಾಂಗಣ ಕೆಲಸದಲ್ಲಿ ಬಡಗಿಗಳು ಮುಚ್ಚಿದ ಕೋಣೆಯೊಳಗೇ ಹಲಗೆ ಕೊಯ್ದು, ಉಜ್ಜಿ, ಪಾಲಿಶ್ ಹಾಕುತ್ತಾರೆ. ಮುಖಕ್ಕೆ ಸುತ್ತಿದ ಟವೆಲ್ಲು ದಪ್ಪ ಹೊಟ್ಟನ್ನು ತಡೆಯುತ್ತದೆಯೇ ಹೊರತು 5 ಮೈಕ್ರಾನಿನ ಪುಡಿಯನ್ನಲ್ಲ. ಭಾರತೀಯ ಮಾನಕ ಐ.ಎಸ್. 9473ಕ್ಕೆ ಅನುಗುಣವಾದ ಮುಖಗವಸು, ಮೂಗಿನ ಎರಡೂ ಬದಿಗೆ ಸಂದಿಯಿಲ್ಲದಂತೆ ಕೂತಿದ್ದರೆ, ಅದನ್ನು ತಡೆಯುತ್ತದೆ. ಆದರೆ ಗವಸು ಅದನ್ನು ಧರಿಸಿದವನೊಬ್ಬನಿಗೆ ಮಾತ್ರ ರಕ್ಷಣೆ. ಪಕ್ಕದಲ್ಲಿ ಮೊಳೆ ಹೊಡೆಯುತ್ತಿರುವ ಸಹಾಯಕನೂ ಅದೇ ಗಾಳಿಯನ್ನು ಉಸಿರಾಡುತ್ತಾನೆ. ಇಂಥ ಸ್ಥಳಗಳಿಗೆ ಗಾಲಿಗಳಿರುವ, ಒಣ ಮತ್ತು ಒದ್ದೆ ಕಸವೆರಡನ್ನೂ ಹೀರುವ ವ್ಯಾಕ್ಯೂಮ್ ಕ್ಲೀನರಿಗೆ ನುಣುಪು ಧೂಳು ಹಿಡಿಯುವ ಫಿಲ್ಟರನ್ನೂ ನೂಲಿಲ್ಲದ ಬಟ್ಟೆಯ ಒಳಚೀಲವನ್ನೂ ಹಾಕಿ ರಬ್ಬರ್ ಅಡಾಪ್ಟರಿನಿಂದ ಸ್ಯಾಂಡರಿಗೆ ಜೋಡಿಸುವುದು ಕಡಿಮೆ ಖರ್ಚಿನ ಏರ್ಪಾಡು. ಕೆಲಸ ಮುಗಿದ ಮೇಲೆ ಪೊರಕೆಯಿಂದ ಗುಡಿಸದೆ ಅದೇ ಕೊಳವೆಯಿಂದ ನೆಲವನ್ನೂ ಹೀರಿಸಬಹುದು.